ಮಗನಿಗೆ ಮಾತು ಬರುತ್ತಿಲ್ಲ, ಓದು ಕಲಿಸಬಹುದೇ?

ಪ್ರಶ್ನೆ: ನಾವು ಹಾಸನ ಜಿಲ್ಲೆಯ ಒಂದು ಸಣ್ಣ ಊರಿನವರು. ನನ್ನ ಮಗನಿಗೆ ಐದೂವರೆ ವರ್ಷ. ಹೇಳಿದ್ದೆಲ್ಲ ಅವನಿಗೆ ಅರ್ಥವಾಗುತ್ತದೆ. "ಫ್ರಿಜ್ ಮೇಲೆ ಗಾಡಿ ಕೀ ಇದೆ, ತಗೊಂಡು ಬಂದು ಅಪ್ಪಂಗೆ ಕೊಡು" ಅಂದರೆ ತಂದು ಕೊಡುತ್ತಾನೆ. ಮಾತು ಮಾತ್ರ ನಾಲ್ಕೈದು ಪದ ಅಷ್ಟೇ. ಅದೂ ಒಂದೇ ತರ ಬರುವುದಿಲ್ಲ. ಒಂದು ಸಲ "ಅಮ್ಮ" ಅಂತಾನೆ, ಇನ್ನೊಂದು ಸಲ "ಅಬ್ಬ", ಮತ್ತೊಂದು ಸಲ ಬರೀ "ಮ". ಬೆರಾ ಟೆಸ್ಟ್ ಮಾಡಿಸಿದ್ದೇವೆ, ಕಿವಿ ಸರಿಯಿದೆ. ಮೈಸೂರಿನಲ್ಲಿ ತೋರಿಸಿದಾಗ ಅಪ್ರಾಕ್ಸಿಯಾ ಅಂದರು. ವಾರಕ್ಕೊಮ್ಮೆ ಥೆರಪಿ ನಡೀತಿದೆ. ಈಗಿನ ಸಮಸ್ಯೆ ಶಾಲೆಯದು. ಯುಕೆಜಿ ಮಿಸ್ ಹೇಳುತ್ತಾರೆ, "ಅಕ್ಷರ ಬಾಯಲ್ಲಿ ಹೇಳೋಕೇ ಬರಲ್ಲ, ಓದೋದು ಹೇಗೆ? ಮೊದಲು ಮಾತು ಬರಲಿ. ಒಂದು ವರ್ಷ ಇಲ್ಲೇ ಇರಲಿ" ಅಂತ. ಮನೆಯಲ್ಲಿ ಕನ್ನಡ ಬಿಟ್ಟು ಇಂಗ್ಲಿಷ್ ಒಂದೇ ಮಾತಾಡಿ ಅಂತಲೂ ಹೇಳಿದ್ದಾರೆ. ನಮ್ಮ ಅತ್ತೆಯವರು ದಿನಾ ಬಜೆ ತೇಯ್ದು ನಾಲಿಗೆಗೆ ಹಚ್ಚುತ್ತಾರೆ. ನಾಲಿಗೆ ಕೆಳಗಿನ ದಾರ ಕತ್ತರಿಸಿದರೆ ಸರಿಹೋಗುತ್ತೆ ಅಂತ ಒಬ್ಬರು. ಟ್ಯಾಬ್‌ನಲ್ಲಿ ಚಿತ್ರ ಒತ್ತಿ ಮಾತಾಡಿಸುವ ಆ್ಯಪ್ ಕೊಟ್ಟರೆ ಬಾಯಿಯೇ ಬಿಡಲ್ಲ ಅಂತ ಇನ್ನೊಬ್ಬರು. ಅವನಿಗೆ ಈಗ ಓದು ಕಲಿಸಬಹುದಾ, ಕಾಯಬೇಕಾ? ಕಲಿಸಬಹುದಾದರೆ ಎಲ್ಲಿಂದ ಶುರು ಮಾಡಲಿ?

ಉತ್ತರ: ಕಾಯಬೇಡಿ. ಇವತ್ತೇ ಶುರು ಮಾಡಬಹುದು.

ನೀವು ಐದಾರು ವಿಷಯ ಕೇಳಿದ್ದೀರಿ. ಆದರೆ ನಿಮ್ಮನ್ನು ಕಾಡುತ್ತಿರುವುದು ಒಂದೇ: ಬಾಯಲ್ಲಿ "ಅ ಆ ಇ ಈ" ಹೇಳಲಾಗದ ಮಗು ಓದುವುದನ್ನು ಕಲಿಯುತ್ತಾ? ಕಲಿಯುತ್ತದೆ. ವಾಕ್ ಚಿಕಿತ್ಸಕಿಯಾಗಿ ಇಂಥ ಮಕ್ಕಳ ಜೊತೆ ಕೆಲಸ ಮಾಡುತ್ತಾ ಬಂದಿದ್ದೇನೆ. ಒಂಬತ್ತು ಹತ್ತು ವರ್ಷಕ್ಕೆ ನಮ್ಮ ಬಳಿ ಬಂದು ಒಂದು ಪದವೂ ಓದಲು ಬಾರದ ಮಕ್ಕಳ ತಂದೆ ತಾಯಿಯನ್ನು ಕೇಳಿದರೆ ಹೆಚ್ಚಾಗಿ ಸಿಗುವ ಉತ್ತರ "ಮಾತು ಬರಲಿ ಅಂತ ಕಾಯ್ತಾ ಇದ್ವಿ" ಅಂತಲೇ. ಕಾದದ್ದರಿಂದ ಮಾತು ಬೇಗ ಬರಲಿಲ್ಲ. ಓದಂತೂ ಕೈತಪ್ಪಿತು. ನನಗೆ ತುಂಬಾ ಸಂಕಟವಾಗುವುದು ಇಲ್ಲೇ.

ಮೊದಲು ಅಪ್ರಾಕ್ಸಿಯಾ ಏನೆಂದು ಸ್ವಲ್ಪ ನೋಡೋಣ. ಒಂದು ಪದ ಹೇಳಬೇಕಾದರೆ ತುಟಿ, ನಾಲಿಗೆ, ದವಡೆ, ಗಂಟಲು ಎಲ್ಲವೂ ಸರಿಯಾದ ಕ್ರಮದಲ್ಲಿ, ಸರಿಯಾದ ಹೊತ್ತಿಗೆ ಆಡಬೇಕು. ಆ ಕ್ರಮವನ್ನು ಯೋಜಿಸಿ ಕಳಿಸುವುದು ಮಿದುಳು. ಅಪ್ರಾಕ್ಸಿಯಾದಲ್ಲಿ ತೊಡಕಾಗುವುದು ಈ ಯೋಜನೆಯ ಹಂತದಲ್ಲಿ. ನಾಲಿಗೆಗೆ ಶಕ್ತಿ ಕಡಿಮೆ ಅಂತಲ್ಲ, ಬುದ್ಧಿ ಕಡಿಮೆ ಅಂತಲೂ ಅಲ್ಲ. ಒಂದು ರಾಗ ಮನಸ್ಸಿನಲ್ಲಿ ಸ್ಪಷ್ಟವಾಗಿ ಕೇಳುತ್ತಿದ್ದರೂ ವೀಣೆಯ ಮೇಲೆ ಬೆರಳು ಹೋಗದವರ ಕಷ್ಟವನ್ನು ನೆನೆಸಿಕೊಳ್ಳಿ, ಅಂಥದ್ದೇ ಇದು. "ಅಮ್ಮ", "ಅಬ್ಬ", "ಮ" ಅಂತ ಬರೆದಿದ್ದೀರಲ್ಲ, ಅದೇ ಇದರ ಮುಖ್ಯ ಗುರುತು. ಅಮೆರಿಕದ ವಾಕ್ ಮತ್ತು ಶ್ರವಣ ತಜ್ಞರ ಸಂಘ 2007ರಲ್ಲಿ ಮೂರು ಲಕ್ಷಣ ಹೇಳಿತು: ಒಂದೇ ಪದವನ್ನು ಮತ್ತೆ ಮತ್ತೆ ಹೇಳಿದಾಗ ತಪ್ಪು ಬೇರೆ ಬೇರೆ ತರ ಆಗುವುದು, ಒಂದು ಧ್ವನಿಯಿಂದ ಇನ್ನೊಂದಕ್ಕೆ ಹೋಗುವಾಗ ತಡವರಿಸುವುದು, ಮಾತಿನ ಏರಿಳಿತ ಸರಿಯಿಲ್ಲದಿರುವುದು. ಸಾವಿರ ಮಕ್ಕಳಲ್ಲಿ ಒಬ್ಬಿಬ್ಬರಿಗೆ ಇದು ಇರುತ್ತದೆ ಎನ್ನುವುದು ಒಂದು ಅಂದಾಜು. ಕೆಲವರಲ್ಲಿ ಕಾರಣ ವಂಶವಾಹಿಯಲ್ಲಿ ಸಿಗುತ್ತದೆ. ಲಂಡನ್ನಿನ ಒಂದು ಕುಟುಂಬದ ಮೂರು ತಲೆಮಾರನ್ನು ಪರೀಕ್ಷಿಸಿ 2001ರಲ್ಲಿ ಫಾಕ್ಸ್‌ಪಿ2 ಎಂಬ ಜೀನ್ ಪತ್ತೆಯಾದದ್ದು ಇದರಲ್ಲಿ ದೊಡ್ಡ ಹೆಜ್ಜೆ. ಎಷ್ಟೋ ಮಕ್ಕಳಲ್ಲಿ ಕಾರಣವೇ ಸಿಗುವುದಿಲ್ಲ. ನೀವು ಮಾಡಿದ ಅಥವಾ ಮಾಡದೆ ಬಿಟ್ಟ ಯಾವುದರಿಂದಲೂ ಇದು ಬಂದದ್ದಲ್ಲ. ಇದನ್ನು ಮನೆಯಲ್ಲಿ ಎಲ್ಲರಿಗೂ ಗಟ್ಟಿಯಾಗಿ ಹೇಳಿ.

ಓದುವುದಕ್ಕೆ ಏನೇನು ಬೇಕು? ಪದವನ್ನು ಕಿವಿಯಲ್ಲಿ ಕೇಳಿ ಅದರ ತುಂಡುಗಳನ್ನು ಬೇರೆ ಮಾಡಬೇಕು. ಯಾವ ತುಂಡಿಗೆ ಯಾವ ಅಕ್ಷರ ಅಂತ ಗೊತ್ತಿರಬೇಕು. ಸೇರಿಸಿದಾಗ ಬರುವ ಪದದ ಅರ್ಥ ತಿಳಿದಿರಬೇಕು. ಈ ಮೂರೂ ನಡೆಯುವುದು ತಲೆಯೊಳಗೆ. ಬಾಯಿ ಬೇಕಾಗುವುದು ಓದಿದ್ದನ್ನು ಬೇರೆಯವರಿಗೆ ತೋರಿಸುವುದಕ್ಕೆ. ಹುಟ್ಟಿನಿಂದ ಒಂದು ಮಾತೂ ಆಡದವರ ಮೇಲೆ ಬ್ರಿಟನ್ನಿನ ಡೊರೊಥಿ ಬಿಷಪ್ ಮತ್ತು ರಾಬ್ಸನ್ ಎಂಬವರು 1989ರಲ್ಲಿ ಒಂದು ಅಧ್ಯಯನ ಪ್ರಕಟಿಸಿದರು. ಚಿತ್ರಗಳನ್ನು ಮಾತ್ರ ತೋರಿಸಿ, ಹೆಸರು ಹೇಳದೆ, ಯಾವ ಎರಡರ ಹೆಸರು ಪ್ರಾಸವಾಗುತ್ತದೆ ಎಂದು ಕೇಳಿದರು. ಅವರು ಅದನ್ನು ಗುರುತಿಸಿದರು. ಬಾಯಿಂದ ಒಮ್ಮೆಯೂ ಹೇಳದ ಪದದ ಧ್ವನಿ ಅವರ ತಲೆಯಲ್ಲಿ ಇತ್ತು ಅಂತಾಯಿತು.

ಇಷ್ಟು ಹೇಳಿ ಸುಮ್ಮನಾದರೆ ಪೂರ್ತಿ ಸತ್ಯ ಹೇಳಿದಂತಾಗುವುದಿಲ್ಲ. ಆ ಅಧ್ಯಯನದಲ್ಲಿದ್ದವರಿಗೆ ಸ್ನಾಯುಗಳ ಹಿಡಿತದ ತೊಂದರೆ ಇತ್ತು. ನಿಮ್ಮ ಮಗನದು ಯೋಜನೆಯ ತೊಂದರೆ. ಅಪ್ರಾಕ್ಸಿಯಾ ಇರುವ ಮಕ್ಕಳಿಗೆ ಶಾಲಾ ವಯಸ್ಸಿನಲ್ಲಿ ಓದು ಮತ್ತು ಕಾಗುಣಿತದಲ್ಲಿ ತೊಂದರೆ ಬರುವ ಸಾಧ್ಯತೆ ಬೇರೆ ಮಕ್ಕಳಿಗಿಂತ ಜಾಸ್ತಿ. ಅಮೆರಿಕದ ಬಾರ್ಬರಾ ಲೂಯಿಸ್ ತಂಡ 2004ರಲ್ಲಿ ಇದನ್ನೇ ತೋರಿಸಿತು. ಹಾಗಾಗಿ ಇವನಿಗೆ ಓದು ತಾನಾಗಿ ಬಂದುಬಿಡುತ್ತದೆ ಅಂತ ನಾನು ಹೇಳುವುದಿಲ್ಲ. ಬೇರೆ ಮಕ್ಕಳಿಗಿಂತ ಬೇಗ ಶುರು ಮಾಡಬೇಕು, ಹೆಚ್ಚು ಬಿಡಿಸಿ ಕಲಿಸಬೇಕು. "ಮಾತು ಬರಲಿ, ಆಮೇಲೆ ನೋಡೋಣ" ಎನ್ನುವ ಸಲಹೆ ಪೂರಾ ತಲೆಕೆಳಗು ಅಂತ ನಾನು ಹೇಳುವುದು ಇದಕ್ಕೇ. ಅಪಾಯ ಹೆಚ್ಚಿರುವ ಮಗುವಿಗೇ ತಡವಾಗಿ ಕಲಿಸಿದ ಹಾಗಾಗುತ್ತದೆ.

ಮಿಸ್ ಮೇಲೆ ಕೋಪ ಬೇಡ. ನಮ್ಮ ತರಗತಿಗಳಲ್ಲಿ ಅಕ್ಷರ ಕಲಿಸುವುದು ಅಂದರೆ ಒಟ್ಟಿಗೆ ಕೂಗಿಸುವುದು. "ಕ ತಲಕಟ್ಟು ಕ, ಕ ಇಳಿ ಕಾ, ಕ ಗುಡಿಸು ಕಿ" ಅಂತ ಇಡೀ ಕ್ಲಾಸು ಹೇಳುತ್ತದೆ. ಪರೀಕ್ಷೆಯೂ ಬಾಯಲ್ಲೇ. ಹೇಳದ ಮಗುವಿಗೆ ಬರುತ್ತದೋ ಇಲ್ಲವೋ ಅಂತ ತಿಳಿಯಲು ಅವರ ಹತ್ತಿರ ಬೇರೆ ದಾರಿಯಿಲ್ಲ. ಆ ದಾರಿಯನ್ನು ನಾವೇ ಮಾಡಿಕೊಡಬೇಕು.

ದಾರಿ ಅಂದರೆ ಕೈ. ಬೆರಳು ತೋರಿಸುವುದು, ಕಾರ್ಡ್ ಎತ್ತಿ ಕೊಡುವುದು, ತಲೆ ಆಡಿಸುವುದು. ಮೊದಲು "ಹೌದು", "ಇಲ್ಲ" ಗಟ್ಟಿಯಾಗಲಿ. "ನೀನು ಆನೆನಾ?" ಅಂತ ಕೇಳಿ. ಹೌದು ಇಲ್ಲ ತಪ್ಪಿಲ್ಲದೆ ಬರುತ್ತಿದೆ ಅಂತ ಖಾತ್ರಿಯಾದ ಮೇಲೆ ಮುಂದಿನದು ಸುಲಭ.

ಅಕ್ಷರಕ್ಕೆ ಮುಂಚೆ ಕಿವಿಯ ಆಟ. ಒಂದು ಬಟ್ಟಲಲ್ಲಿ ಅವರೆಕಾಳು ಇಡಿ. ನೀವು "ಕಮಲ" ಅನ್ನಿ, ಅವನು ಮೂರು ಕಾಳು ಇಡಲಿ. "ಮನೆ"ಗೆ ಎರಡು. "ಅಜ್ಜಿ"ಗೂ ಎರಡು. ಕನ್ನಡದ ಮಕ್ಕಳಿಗೆ ಪದವನ್ನು ಹೀಗೆ ಒಡೆಯುವುದು ಬೇಗ ಬರುತ್ತದೆ, ಬರವಣಿಗೆಯ ಅಕ್ಷರವೂ ಬಹುಮಟ್ಟಿಗೆ ಇದೇ ಅಳತೆಯದು. ಇದು ಹಿಡಿತಕ್ಕೆ ಬಂದ ಮೇಲೆ ಹಲ್ಲು, ಕಲ್ಲು, ಬೆಕ್ಕು ಚಿತ್ರ ಇಟ್ಟು "ಒಂದೇ ತರ ಕೇಳೋ ಎರಡು ಯಾವುದು?" ಅನ್ನಿ. ಮೊದಮೊದಲು ಹೆಸರು ನೀವೇ ಹೇಳಿ. ಆಮೇಲೆ ನೀವು ಬಾಯಿ ಮುಚ್ಚಿಕೊಳ್ಳಿ, ಅವನು ಮನಸ್ಸಿನಲ್ಲೇ ಹೇಳಿಕೊಂಡು ಹುಡುಕಲಿ. ಈ ಎರಡನೇ ಹಂತವೇ ಬಹಳ ಮುಖ್ಯ. ಒಳಗೆ ಧ್ವನಿ ಕೇಳಿಸಿಕೊಳ್ಳುವ ಅಭ್ಯಾಸ ಆಗುವುದು ಅಲ್ಲೇ.

ಇನ್ನು ಅಕ್ಷರ. "ಅ"ದಿಂದ "ಳ"ವರೆಗೆ ಸಾಲಾಗಿ ಹೋಗಬೇಡಿ. ಪೂರ್ತಿ ವರ್ಣಮಾಲೆ ಮುಗಿಯುವವರೆಗೆ ಒಂದು ಪದವೂ ಓದದೆ ಕೂರುವುದು ಯಾವ ಮಗುವಿಗೂ ಬೇಸರವೇ. ನಮ್ಮ ಸರ್ಕಾರಿ ಶಾಲೆಗಳ ನಲಿಕಲಿ ಪದ್ಧತಿ ಈ ಕ್ರಮವನ್ನು ಬಿಟ್ಟು ಎಷ್ಟೋ ಕಾಲವಾಯಿತು. 1995ರ ಸುಮಾರಿಗೆ ಎಚ್.ಡಿ. ಕೋಟೆ ತಾಲ್ಲೂಕಿನಲ್ಲಿ ಶುರುವಾದ ಆ ಪದ್ಧತಿಯಲ್ಲಿ ಮೊದಲು ಬರುವುದು ರ, ಗ, ಸ, ದ, ಅ. ಈ ಐದು ಬಂದರೆ ಸಾಕು, ಸರ, ರಸ, ಅರಸ, ಅಗಸ, ಗರಗಸ ಓದಬಹುದು. ಆಮೇಲೆ ಜ, ವ, ಮ, ಬ, ನ. ಅಲ್ಲಿಗೆ ಮರ, ದನ, ಜನ, ವನ, ಬಸವ ಸಿಕ್ಕವು. ನಿಮ್ಮ ಮಗನಿಗೆ ಇದೇ ಕ್ರಮ ಹೇಳಿ ಮಾಡಿಸಿದ ಹಾಗಿದೆ. ಕೆಲವೇ ದಿನದಲ್ಲಿ ಓದಿದ ಖುಷಿ ಸಿಗುತ್ತದೆ, ಮುಂದೆ ಒಂದನೇ ಕ್ಲಾಸಿಗೆ ಸರ್ಕಾರಿ ಶಾಲೆಗೆ ಹಾಕಿದರೂ ಗೊಂದಲವಾಗುವುದಿಲ್ಲ.

ಕೂತು ಮಾಡುವುದು ಹೇಗೆ ಅಂತ ಬಿಡಿಸಿ ಹೇಳುತ್ತೇನೆ. ಚಾಪೆ ಮೇಲೆ ನಾಲ್ಕು ಚಿತ್ರ ಇಡಿ: ಮರ, ಸರ, ದನ, ಜನ. ಕಾರ್ಡ್ ಮೇಲೆ "ಮರ" ಅಂತ ದಪ್ಪಗೆ ಬರೆದು ತೋರಿಸಿ. ನೀವು ಓದಬೇಡಿ. ಬೆರಳನ್ನು "ಮ" ಕೆಳಗಿಟ್ಟು ಸ್ವಲ್ಪ ನಿಲ್ಲಿಸಿ, ಆಮೇಲೆ "ರ" ಕೆಳಗೆ. "ಮನಸ್ಸಲ್ಲೇ ಹೇಳ್ಕೋ, ಚಿತ್ರ ತೋರಿಸು" ಅನ್ನಿ. ಅವನು ತೋರಿಸಿದ ಮೇಲೆ ನೀವು "ಮರ" ಅಂತ ಓದಿ ಹೇಳಿ. ಮೊದಲೇ ಹೇಳಿಬಿಟ್ಟರೆ ಅವನು ಕಿವಿಯಿಂದ ಚಿತ್ರ ಹುಡುಕುತ್ತಾನೆ, ಅಕ್ಷರ ನೋಡುವುದೇ ಇಲ್ಲ. ಚಿತ್ರಗಳನ್ನು ನಾನು ಬೇಕೆಂದೇ ಹೀಗೆ ಆರಿಸಿದ್ದೇನೆ. ಮರ, ಬಾಳೆಹಣ್ಣು, ಕಿಟಕಿ ಇಟ್ಟರೆ ಪದದ ಉದ್ದ ನೋಡಿಯೇ ಊಹಿಸಬಹುದು. ಮರ, ಸರ ಇಟ್ಟರೆ ಮೊದಲ ಅಕ್ಷರ ನೋಡಲೇಬೇಕು. ಇನ್ನೂ ಮುಂದೆ ಹೋದ ಮೇಲೆ ಸರ ಮತ್ತು ರಸ ಎದುರುಬದುರು ಇಡಿ. ಅಕ್ಷರ ಅವೇ, ಕ್ರಮ ಬೇರೆ. ಇದನ್ನು ಮತ್ತೆ ಮತ್ತೆ ಸರಿಯಾಗಿ ತೋರಿಸಿದರೆ ಆ ಮಗು ಓದುತ್ತಿದೆ, ಅನುಮಾನವೇ ಬೇಡ.

ಎರಡೇ ಕಾರ್ಡ್ ಇಟ್ಟು ಪರೀಕ್ಷೆ ಮಾಡಬೇಡಿ. ಸುಮ್ನೆ ಕೈಯಿಟ್ಟರೂ ಅರ್ಧ ಸಲ ಸರಿಯಾಗಿಬಿಡುತ್ತದೆ. ನಾಲ್ಕು ಇಟ್ಟರೆ ಅದೃಷ್ಟಕ್ಕೆ ಸರಿಯಾಗುವುದು ಕಾಲುಭಾಗ ಮಾತ್ರ. ಒಂದು ದಿನದ ಫಲಿತಾಂಶ ನೋಡಿ ಕುಣಿಯುವುದೂ ಬೇಡ, ಕುಗ್ಗುವುದೂ ಬೇಡ. ಚಿತ್ರದ ಜಾಗ ಬದಲಿಸಿ, ಬೇರೆ ದಿನ ಮತ್ತೆ ಕೇಳಿ. ನಿಮ್ಮ ಕಣ್ಣು ಸರಿ ಉತ್ತರದ ಕಡೆ ಹೋಗದ ಹಾಗೆ ನೋಡಿಕೊಳ್ಳಿ. ಮಕ್ಕಳು ನಮ್ಮ ಮುಖ ಓದುವುದರಲ್ಲಿ ಬಹಳ ಚುರುಕು. ಇನ್ನೊಂದು ಆಟ ಮಕ್ಕಳಿಗೆ ತುಂಬಾ ಇಷ್ಟ: ನೀವು ಬೇಕಂತಲೇ ತಪ್ಪು ಓದಿ. "ಮರ" ತೋರಿಸಿ "ಸರ" ಅನ್ನಿ. ಅವನು ತಲೆ ಅಲ್ಲಾಡಿಸಿ ನಿಮ್ಮನ್ನು ಹಿಡಿಯಲಿ. ಮಾತಿಲ್ಲದ ಮಗುವಿಗೆ ದೊಡ್ಡವರ ತಪ್ಪು ತಿದ್ದುವ ಅವಕಾಶ ಎಲ್ಲಿ ಸಿಗುತ್ತದೆ ಹೇಳಿ!

ಮನೆಯವರನ್ನು ಕರೆಯುವ ಪದಗಳನ್ನು ಮಾತ್ರ ಈ ಕ್ರಮದಿಂದ ಹೊರಗಿಡಿ. ಅಮ್ಮ, ಅಪ್ಪ, ಅಣ್ಣ, ಅಕ್ಕ, ಅಜ್ಜಿ. ಎಲ್ಲದರಲ್ಲೂ ಒತ್ತಕ್ಷರ! ಶಾಲೆಯಲ್ಲಿ ಒತ್ತಕ್ಷರ ಬರುವುದು ಕೊನೆಗೆ. ಅಲ್ಲಿಯವರೆಗೆ ಮಗು ತನ್ನ ಅಮ್ಮನ ಪದವನ್ನು ಓದಬಾರದು ಅಂತಿಲ್ಲವಲ್ಲ. ಇವನ್ನೂ ಅವನ ಹೆಸರನ್ನೂ ಇಡೀ ಪದವಾಗಿಯೇ ಗುರುತಿಸಲಿ. ಅವರವರ ಫೋಟೋ ಕೆಳಗೆ ಬರೆದು ಗೋಡೆಗೆ ಅಂಟಿಸಿ. ಆದರೆ ಎಲ್ಲ ಪದವನ್ನೂ ಹೀಗೆ ಚಿತ್ರದಂತೆ ನೆನಪಿಡಿಸುವ ದಾರಿ ಹಿಡಿಯಬೇಡಿ. ಶುರುವಿನಲ್ಲಿ ಬೇಗ ಫಲ ಕಾಣುತ್ತದೆ, ಅದಕ್ಕೇ ಕೆಲವು ಕಡೆ ಅದನ್ನೇ ಮಾಡಿಸುತ್ತಾರೆ. ಪದಗಳು ಹೆಚ್ಚಾದ ಹಾಗೆ ಒಂದಕ್ಕೊಂದು ಬೆರೆತುಹೋಗುತ್ತವೆ. ಹೊಸ ಪದ ಎದುರಾದರೆ ಬಿಡಿಸುವ ಉಪಾಯ ಮಗುವಿನ ಕೈಯಲ್ಲಿರುವುದಿಲ್ಲ.

ಕಾಗುಣಿತ ಬಂದಾಗ ನಿಧಾನಿಸಿ. "ಕ ಕಾ ಕಿ ಕೀ" ಅಂತ ಒಂದು ವ್ಯಂಜನದ ಇಡೀ ಸಾಲು ಕೊಡುವ ಬದಲು ಒಂದೇ ಗುಡಿಸನ್ನು ಹಲವು ಅಕ್ಷರಕ್ಕೆ ಹಾಕಿ ತೋರಿಸಿ: ರಿ, ಗಿ, ಸಿ, ದಿ. ಆ ಗುರುತು ಏನು ಕೆಲಸ ಮಾಡುತ್ತದೆ ಅಂತ ಆಗ ಹೊಳೆಯುತ್ತದೆ. ಹ್ರಸ್ವ ದೀರ್ಘದಲ್ಲಿ ತಪ್ಪುವುದು, ಮ ವ ಅದಲುಬದಲಾಗುವುದು, ದ ಧ ಒಂದೇ ತರ ಕಾಣುವುದು, ಇವೆಲ್ಲ ಚೆನ್ನಾಗಿ ಮಾತಾಡುವ ಮಕ್ಕಳಲ್ಲೂ ಇದ್ದದ್ದೇ. ಬೆಂಗಳೂರಿನಲ್ಲಿ ಕೆಲಸ ಮಾಡಿದ ಸೋನಾಲಿ ನಾಗ್ ಕನ್ನಡ ಓದಿನ ಮೇಲೆ 2007ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ನಾಲ್ಕನೇ ಕ್ಲಾಸಿಗೆ ಬಂದ ಮೇಲೂ ಮಕ್ಕಳು ಕಷ್ಟದ ಅಕ್ಷರಗಳನ್ನು ಇನ್ನೂ ಕಲಿಯುತ್ತಲೇ ಇದ್ದರು. ನಮ್ಮ ಲಿಪಿಯಲ್ಲಿ ಅಕ್ಷರ ಜಾಸ್ತಿ, ಹಾಗಾಗಿ ಸಮಯ ಹಿಡಿಯುತ್ತದೆ. ಪ್ರತಿ ತಪ್ಪನ್ನೂ ಅಪ್ರಾಕ್ಸಿಯಾ ತಲೆಗೆ ಕಟ್ಟಬೇಡಿ.

ದಿನಕ್ಕೆ ಎರಡು ಸಲ, ಹತ್ತು ಹತ್ತು ನಿಮಿಷ ಸಾಕು. ಆ ಹೊತ್ತಿನಲ್ಲಿ "ಹೇಳು, ಮ ಅನ್ನು, ಇನ್ನೊಂದು ಸಲ" ಅಂತ ಒತ್ತಾಯ ಬೇಡವೇ ಬೇಡ. ಅವನೇ ಹೇಳಲು ಹೊರಟರೆ ಸಂತೋಷ, ಹೇಗೆ ಬಂದರೂ ಒಪ್ಪಿಕೊಳ್ಳಿ. ಉಚ್ಚಾರ ತಿದ್ದುವುದಕ್ಕೆ ಥೆರಪಿಯ ಹೊತ್ತು ಬೇರೆ ಇದೆ. ಓದಿನ ಜೊತೆ ಅವನಿಗೆ ಅತಿ ಕಷ್ಟವಾದ ಕೆಲಸವನ್ನು ಕಟ್ಟಿಹಾಕಿದರೆ ಪುಸ್ತಕ ಕಂಡರೆ ಎದ್ದು ಓಡುತ್ತಾನೆ. ಬರವಣಿಗೆಗೂ ಇದೇ ಮಾತು. ಇಂಥ ಮಕ್ಕಳಲ್ಲಿ ಕೆಲವರಿಗೆ ಪೆನ್ಸಿಲ್ ಹಿಡಿಯುವುದೂ ಕಷ್ಟ. ಅಕ್ಷರ ದುಂಡಗೆ ಬರಲಿ ಅಂತ ಓದನ್ನು ನಿಲ್ಲಿಸಬೇಡಿ. ಅಕ್ಷರದ ಕಾರ್ಡ್ ಜೋಡಿಸಿ ಪದ ಮಾಡಲಿ. ಫೋನಿನಲ್ಲಿ ಕನ್ನಡ ಕೀಬೋರ್ಡ್ ಹಾಕಿಕೊಡಿ. ಬರೆದದ್ದನ್ನು ಫೋನೇ ಓದಿ ಹೇಳುವ ಸೌಲಭ್ಯ ಕನ್ನಡದಲ್ಲೂ ಇದೆ. "ಮ", "ರ" ಒತ್ತಿದಾಗ ಫೋನು "ಮರ" ಅಂದರೆ ಅವನ ಮುಖ ಒಂದು ಸಲ ನೋಡಿ. ತಾನು ಕಟ್ಟಿದ ಪದ ಗಟ್ಟಿಯಾಗಿ ಕೇಳಿಸುವುದು ಅವನಿಗೆ ಹೊಸ ಅನುಭವ.

ರಾತ್ರಿ ಮಲಗುವ ಮುಂಚೆ ಕಥೆ ಓದಿ. ಇದು ಪಾಠ ಅಲ್ಲ, ಸುಮ್ನೆ ಓದು. ಪ್ರಥಮ್ ಬುಕ್ಸ್‌ನವರ ಸ್ಟೋರಿವೀವರ್ ತಾಣದಲ್ಲಿ ಕನ್ನಡದ ಮಕ್ಕಳ ಕಥೆಗಳು ಬೇಕಾದಷ್ಟು ಉಚಿತವಾಗಿ ಸಿಗುತ್ತವೆ. ಮಾತಾಡದ ಮಗುವಿಗೆ ಕಥೆ ಓದುವಾಗ ನಾವು ಗೊತ್ತಿಲ್ಲದೆ ಪರೀಕ್ಷೆ ಶುರು ಮಾಡುತ್ತೇವೆ, "ನಾಯಿ ಎಲ್ಲಿ? ಹಕ್ಕಿ ಎಲ್ಲಿ?" ಅಂತ. ಅದು ಕಡಿಮೆಯಿರಲಿ. "ಈ ಹುಡುಗಂಗೆ ಸಿಟ್ಟು ಬಂದಿರ್ಬೇಕು ಅಲ್ವಾ?" ಅಂದು ಒಂದಷ್ಟು ಹೊತ್ತು ಸುಮ್ಮನೆ ಕಾಯಿರಿ. ಇಂಥ ಮಕ್ಕಳಿಗೆ ಉತ್ತರ ಕೊಡಲು ಸಮಯ ಬೇಕು. ನಾವು ಕಾಯುವುದೇ ಇಲ್ಲ.

ಈಗ ಊರಿನವರ ಸಲಹೆಗಳಿಗೆ ಬರುತ್ತೇನೆ. ಕನ್ನಡ ಬಿಡಿ ಎನ್ನುವ ಮಾತನ್ನು ದಯವಿಟ್ಟು ಕೇಳಬೇಡಿ. ಎರಡು ಭಾಷೆ ಕೇಳಿಸಿಕೊಂಡರೆ ಅಪ್ರಾಕ್ಸಿಯಾ ಬರುವುದಿಲ್ಲ, ಹೆಚ್ಚಾಗುವುದೂ ಇಲ್ಲ. ಅವನಿಗೆ ಅರ್ಥವಾಗುವ ಸಾವಿರಾರು ಪದ ಇರುವುದು ಕನ್ನಡದಲ್ಲಿ. ಅಜ್ಜಿ ಮಾತಾಡುವುದು ಕನ್ನಡದಲ್ಲಿ. ಓದು ನಿಲ್ಲಬೇಕಾದ್ದು ಆ ಪದಗಳ ಮೇಲೆ. ಜೊತೆಗೆ ಕನ್ನಡದ "ಗ" ಎಲ್ಲಿ ಬಂದರೂ "ಗ". ಇಂಗ್ಲಿಷಿನ "ಜಿ" ಅಕ್ಷರ ಒಂದು ಕಡೆ "ಗ", ಇನ್ನೊಂದು ಕಡೆ "ಜ". ಬಾಯಿಂದ ಹೇಳಿ ನೋಡಿ ತಿದ್ದಿಕೊಳ್ಳಲಾಗದ ಮಗುವಿಗೆ ಮೊದಲ ಓದು ನೆಚ್ಚಬಹುದಾದ ಲಿಪಿಯಲ್ಲಿ ಆಗುವುದು ಒಳ್ಳೆಯದು ಅಂತ ನನ್ನ ಅಭಿಪ್ರಾಯ. ಶಾಲೆ ಇಂಗ್ಲಿಷ್ ಮಾಧ್ಯಮದ್ದಾದರೂ ಪರವಾಗಿಲ್ಲ, ಅದು ಅಲ್ಲಿ ನಡೆಯಲಿ. ಮನೆಯಲ್ಲಿ ಕನ್ನಡ ಇರಲಿ.

ಬಜೆ ನಿಲ್ಲಿಸಿ. ಮಿದುಳಿನ ಯೋಜನೆಯ ತೊಡಕು ನಾಲಿಗೆಗೆ ಹಚ್ಚಿದ್ದರಿಂದ ಹೋಗುವುದಿಲ್ಲ. ತೇಯುವ ಕಲ್ಲು, ನೀರು ಶುದ್ಧವಿಲ್ಲದಿದ್ದರೆ ಹೊಟ್ಟೆ ಕೆಡುತ್ತದೆ, ಬಜೆ ಹೆಚ್ಚಾದರೆ ವಾಂತಿಯಾಗುತ್ತದೆ. ಅತ್ತೆಯವರು ಮೊಮ್ಮಗನ ಮೇಲಿನ ಪ್ರೀತಿಯಿಂದ ಮಾಡುತ್ತಿದ್ದಾರೆ, ಅವರಿಗೆ ಬೇರೆ ಕೆಲಸ ಕೊಡಿ. ಅವರೆಕಾಳಿನ ಆಟ ಅವರದೇ ಇರಲಿ, ನಿಮಗಿಂತ ಚೆನ್ನಾಗಿ ಆಡಿಸಬಹುದು. ನಾಲಿಗೆ ಕೆಳಗಿನ ದಾರ ಗಿಡ್ಡವಿದ್ದರೆ ಒಂದೆರಡು ಧ್ವನಿ ಅಸ್ಪಷ್ಟವಾಗಬಹುದು, ಮಾತೇ ಬಾರದೆ ಇರುವುದಿಲ್ಲ. ಅಪ್ರಾಕ್ಸಿಯಾಗೆ ಅದನ್ನು ಕತ್ತರಿಸುವುದು ಚಿಕಿತ್ಸೆ ಅಲ್ಲ. ಪೀಪಿ ಊದಿಸುವುದು, ಮೇಣದಬತ್ತಿ ಆರಿಸುವುದು, ನಾಲಿಗೆ ವ್ಯಾಯಾಮ ಇವುಗಳಿಂದ ಮಾತು ಸುಧಾರಿಸುತ್ತದೆ ಎನ್ನಲು ಒಳ್ಳೆಯ ಪುರಾವೆ ಇಲ್ಲ. ಮಾತು ಕಲಿಯಬೇಕಾದ್ದು ಮಾತಾಡಿಯೇ.

ಆ್ಯಪ್ ವಿಷಯದಲ್ಲಿ ಎಷ್ಟೋ ತಂದೆ ತಾಯಿ ಹೆದರುತ್ತಾರೆ. ಈ ಹೆದರಿಕೆಗೆ ಆಧಾರವಿಲ್ಲ. ಚಿತ್ರ, ಸನ್ನೆ, ಯಂತ್ರ ಇಂಥ ಸಹಾಯ ಪಡೆದವರ ಮಾತು ಏನಾಯಿತು ಅಂತ 2006ರಲ್ಲಿ ಹಿಂದಿನ ಅಧ್ಯಯನಗಳನ್ನೆಲ್ಲ ಒಟ್ಟಿಗಿಟ್ಟು ನೋಡಿದರು. ನಂಬಬಹುದಾದ ಪುರಾವೆಯಿದ್ದ 27 ಜನರಲ್ಲಿ ಒಬ್ಬರ ಮಾತೂ ಕಡಿಮೆಯಾಗಿರಲಿಲ್ಲ. ಹೆಚ್ಚಿನವರಲ್ಲಿ ಸ್ವಲ್ಪ ಮಟ್ಟಿಗೆ ಹೆಚ್ಚಾಗಿತ್ತು. ಚೆನ್ನೈನಲ್ಲಿ ರೂಪುಗೊಂಡ ಅವಾಜ್, ಐಐಟಿ ಬಾಂಬೆಯವರ ಜೆಲ್ಲೋ ನಮ್ಮಲ್ಲಿ ಬಳಕೆಯಲ್ಲಿವೆ. ಜೆಲ್ಲೋ ಉಚಿತ. ಟ್ಯಾಬ್ ಇಲ್ಲದಿದ್ದರೆ ರಟ್ಟಿನ ಮೇಲೆ ಚಿತ್ರ ಅಂಟಿಸಿದ ಚಾರ್ಟ್ ಸಾಕು. ಪ್ರತಿ ಚಿತ್ರದ ಕೆಳಗೆ ಪದ ಕನ್ನಡದಲ್ಲಿ ಬರೆದಿರಲಿ. ಇದರ ಜೊತೆ ಅಕ್ಷರಗಳ ಒಂದು ಹಾಳೆಯೂ ಬೇಕು, ಇದು ಬಹಳ ಮುಖ್ಯ. ಚಿತ್ರದಿಂದ ನಾವು ಇಟ್ಟಷ್ಟೇ ಮಾತು ಹೇಳಲಾಗುತ್ತದೆ. ಅಕ್ಷರ ಬಂದವನು ತನಗೆ ಬೇಕಾದ್ದೆಲ್ಲ ಹೇಳಬಹುದು. ಓದು ಇವನಿಗೆ ಬೇರೆ ಮಕ್ಕಳಿಗಿಂತ ಹೆಚ್ಚು ಬೇಕು ಅಂತ ನಾನು ಹಟ ಹಿಡಿಯುವುದು ಇದಕ್ಕೇ.

ಒಂದು ಎಚ್ಚರಿಕೆ. ಮಗುವಿನ ಕೈ ಅಥವಾ ಮೊಣಕೈ ಹಿಡಿದುಕೊಂಡು ಅಕ್ಷರ ಒತ್ತಿಸುವ, ಅಥವಾ ಅಕ್ಷರದ ಹಲಗೆಯನ್ನು ದೊಡ್ಡವರೇ ಮುಖದ ಮುಂದೆ ಹಿಡಿದು ಉತ್ತರ ಬರೆಸುವ ಪದ್ಧತಿಗಳನ್ನು ಯಾರಾದರೂ ಹೇಳಬಹುದು. ನೋಡಲು ಅದ್ಭುತವಾಗಿರುತ್ತದೆ, ಮಗು ವಾಕ್ಯಗಟ್ಟಲೆ ಬರೆದ ಹಾಗೆ ಕಾಣುತ್ತದೆ. ಕೈ ಹಿಡಿದು ಬರೆಸುವುದನ್ನು ಸರಿಯಾಗಿ ಪರೀಕ್ಷಿಸಿದಾಗೆಲ್ಲ ಆ ಮಾತು ಹಿಡಿದವರದು ಅಂತ ಗೊತ್ತಾಗಿದೆ. ಹಲಗೆ ಹಿಡಿಯುವ ಪದ್ಧತಿಗೂ ನಂಬುವಂಥ ಪುರಾವೆ ಇಲ್ಲ. ಅಮೆರಿಕದ ವಾಕ್ ತಜ್ಞರ ಸಂಘ 2018ರಲ್ಲಿ ಎರಡನ್ನೂ ಬಳಸಬಾರದು ಎಂದು ಹೇಳಿತು. ನಿಮ್ಮ ಮಗ ತನ್ನ ಬೆರಳಿಂದ ತಾನೇ ತೋರಿಸಲಿ. ತಡವಾದರೂ ತಪ್ಪಾದರೂ ಅದು ಅವನ ಉತ್ತರ.

ಶಾಲೆಯಲ್ಲಿ ಇನ್ನೊಂದು ವರ್ಷ ಕೂರಿಸುವುದಕ್ಕೆ ನಾನು ಒಪ್ಪುವುದಿಲ್ಲ. ಅದೇ ಕೂಗುವ ಪಾಠ ಮತ್ತೊಂದು ವರ್ಷ ಕೇಳಿದರೆ ಏನೂ ಬದಲಾಗುವುದಿಲ್ಲ, ಜೊತೆಯ ಮಕ್ಕಳು ಮಾತ್ರ ಮುಂದೆ ಹೋಗಿರುತ್ತಾರೆ. ವಯಸ್ಸು ಇನ್ನೂ ಆರಾಗಿಲ್ಲದ ಕಾರಣಕ್ಕೆ ನಿಲ್ಲಿಸಿದರೆ ಅದು ಬೇರೆ ಮಾತು. ಮಿಸ್ ಹತ್ತಿರ ಹೋಗುವಾಗ ದೂರು ಒಯ್ಯಬೇಡಿ, ಕಾರ್ಡ್‌ಗಳನ್ನು ಒಯ್ಯಿರಿ. ಅವರ ಎದುರಿಗೆ ಮರ, ಸರ, ದನ, ಜನ ಇಟ್ಟು ಅವರೇ ಪದ ತೋರಿಸಲಿ, ಅವನು ಚಿತ್ರ ಕೊಡಲಿ. ನನ್ನ ಅನುಭವದಲ್ಲಿ ಡಾಕ್ಟರ ಪತ್ರಕ್ಕಿಂತ ಇದು ಹೆಚ್ಚು ಕೆಲಸ ಮಾಡುತ್ತದೆ. ಆಮೇಲೆ ಸಣ್ಣ ಸಣ್ಣ ಬದಲಾವಣೆ ಕೇಳಿ: ಬಾಯಲ್ಲಿ ಕೇಳುವ ಪ್ರಶ್ನೆಗೆ ಬೆರಳಲ್ಲಿ ಉತ್ತರ, ಒಟ್ಟಿಗೆ ಹೇಳುವಾಗ ಅವನು ಚಾರ್ಟ್ ಮೇಲೆ ಕೋಲಿಟ್ಟು ತೋರಿಸುವುದು, ಅವನ ಸರದಿ ಬಂದಾಗ ಅಣ್ಣನ ಅಥವಾ ಅಕ್ಕನ ದನಿಯಲ್ಲಿ ರೆಕಾರ್ಡ್ ಮಾಡಿದ ಸಾಲನ್ನು ಒತ್ತುವುದು. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆ ಮಾತು ಮತ್ತು ಭಾಷೆಯ ತೊಂದರೆಯನ್ನು ಹೆಸರಿಸಿದೆ, ಸರ್ಕಾರದ ಮತ್ತು ಮಾನ್ಯತೆ ಪಡೆದ ಶಾಲೆಗಳು ಮಗುವಿಗೆ ತಕ್ಕ ಅನುಕೂಲ ಮಾಡಿಕೊಡಬೇಕು ಎಂದೂ ಹೇಳುತ್ತದೆ. ಸರ್ಕಾರಿ ಶಾಲೆಗೆ ಸೇರಿಸಿದರೆ ನಿಮ್ಮ ತಾಲ್ಲೂಕಿನ ಬಿಆರ್‌ಸಿಯಲ್ಲಿ (ಕ್ಷೇತ್ರ ಸಂಪನ್ಮೂಲ ಕೇಂದ್ರದಲ್ಲಿ) ವಿಶೇಷ ಅಗತ್ಯದ ಮಕ್ಕಳಿಗಾಗಿಯೇ ಇರುವ ಸಂಪನ್ಮೂಲ ಶಿಕ್ಷಕರನ್ನು ಕೇಳಿ.

ಥೆರಪಿ ವಾರಕ್ಕೊಮ್ಮೆ ಸಾಲದು. ಅಪ್ರಾಕ್ಸಿಯಾಗೆ ಕಡಿಮೆ ಹೊತ್ತಿನ, ಆದರೆ ಪದೇ ಪದೇ ಸಿಗುವ ಅಭ್ಯಾಸ ಬೇಕು. ಮೊದಲು ಹೇಳಿದ ಅಮೆರಿಕದ ಸಂಘದ 2007ರ ವರದಿಯಲ್ಲೇ ವಾರಕ್ಕೆ ಮೂರರಿಂದ ಐದು ಸಲ ಎಂದಿದೆ. ನಿಮ್ಮೂರಿಂದ ಮೈಸೂರಿಗೆ ಅಷ್ಟು ಸಲ ಹೋಗಿಬರುವುದು ಆಗದ ಮಾತು, ಗೊತ್ತು. ಮಾನಸಗಂಗೋತ್ರಿಯ ಸ್ಪೀಚ್ ಅಂಡ್ ಹಿಯರಿಂಗ್ ಸಂಸ್ಥೆಯಲ್ಲೋ ಬೇರೆಲ್ಲಾದರೂ ತೋರಿಸುತ್ತಿದ್ದರೆ, ಮನೆಯಲ್ಲಿ ಮಾಡಿಸಲು ನಾಲ್ಕೈದು ಪದ ಆರಿಸಿಕೊಡಿ, ವಿಡಿಯೋದಲ್ಲಿ ನೋಡಿ ತಿದ್ದುತ್ತೀರಾ ಎಂದು ಕೇಳಿ. ಹಾಸನದ ಜಿಲ್ಲಾ ಆಸ್ಪತ್ರೆಯಲ್ಲಿ ಚಿಕ್ಕ ಮಕ್ಕಳ ತೊಂದರೆ ಬೇಗ ಪತ್ತೆ ಮಾಡುವ ಡಿಇಐಸಿ ಇದೆಯೇ, ಅಲ್ಲಿ ಥೆರಪಿ ಸಿಗುತ್ತದೆಯೇ ವಿಚಾರಿಸಿ. ಇದ್ದ ಪದಗಳೂ ಹೋಗಿಬಿಟ್ಟರೆ, ನಡುವೆ ನೋಟ ಒಂದೇ ಕಡೆ ನಿಂತುಬಿಟ್ಟರೆ, ಫಿಟ್ಸ್ ಬಂದರೆ ತಡಮಾಡದೆ ನರರೋಗ ತಜ್ಞರಿಗೆ ತೋರಿಸಿ. ಅದು ಬೇರೆ ಕಾಯಿಲೆಯ ಸೂಚನೆ ಇರಬಹುದು.

ಮಾತು ಯಾವಾಗ ಬರುತ್ತದೆ ಅಂತ ನೀವು ಕೇಳಿಲ್ಲ, ಆದರೂ ಮನಸ್ಸಿನಲ್ಲಿ ಇದ್ದೇ ಇರುತ್ತದೆ. ದಿನ ಹೇಳಲಾಗುವುದಿಲ್ಲ. ಅಪ್ರಾಕ್ಸಿಯಾ ಇರುವ ಎಷ್ಟೋ ಮಕ್ಕಳು ಸರಿಯಾದ ಅಭ್ಯಾಸ ಸಿಕ್ಕಾಗ ಮಾತು ಕಲಿಯುತ್ತಾರೆ, ಕೆಲವರಿಗೆ ಆ್ಯಪ್, ಚಾರ್ಟ್ ಬಹಳ ವರ್ಷ ಬೇಕಾಗುತ್ತದೆ. ಮುಂದಿನ ಸಲ ಥೆರಪಿಗೆ ಹೋಗುವಾಗ ಅವನು ಓದಬಲ್ಲ ಪದಗಳ ಪಟ್ಟಿ ಒಯ್ಯಿರಿ. ಹೇಳಿದ ಧ್ವನಿ ಗಾಳಿಯಲ್ಲಿ ಹೋಗಿಬಿಡುತ್ತದೆ, ಅಕ್ಷರ ಕಣ್ಣ ಮುಂದೆ ನಿಂತಿರುತ್ತದೆ. "ಮ" ಕಾರ್ಡ್ ನೋಡುತ್ತಾ ತುಟಿ ಕೂಡಿಸಲು ಸುಲಭವಾಗುವ ಮಕ್ಕಳು ಇದ್ದಾರೆ. ಹೇಗೂ ಓದಲು ಬರುವ ಪದಗಳಿಂದಲೇ ಮಾತಿನ ಅಭ್ಯಾಸ ಮಾಡಿಸಿ ಎಂದು ನಿಮ್ಮ ಥೆರಪಿಸ್ಟರನ್ನು ಕೇಳಿ. ಈ ವಾರಕ್ಕೆ ರ, ಗ, ಸ, ದ, ಅ ಐದು ಕಾರ್ಡ್ ಮಾಡಿಕೊಳ್ಳಿ. ಎರಡು ತಿಂಗಳು ಆದಮೇಲೂ ನಾಲ್ಕು ಚಿತ್ರದಲ್ಲಿ ಸರಿಯಾದದ್ದು ಆರಿಸಲು ತಡಕಾಡುತ್ತಿದ್ದರೆ ಯಾವ ಪದದಲ್ಲಿ, ಯಾವುದರ ಬದಲು ಯಾವುದನ್ನು ತೋರಿಸುತ್ತಾನೆ ಅಂತ ಬರೆದಿಟ್ಟು ನನಗೆ ಕಳಿಸಿ. ಎಲ್ಲಿ ತಡೆದಿದೆ ಅಂತ ಅದರಿಂದ ಹೇಳಬಹುದು.